ಹೃದಯ ಸಲಹಾ ಸಮಿತಿಯ ಮಾನ್ಯ ಸದಸ್ಯರಿಗೆ

ಬಾಲಾನಗರ, ಹೈದರಾಬಾದ್

ಮಾನ್ಯರೇ,

ತಮ್ಮ ಸಮಿತಿಯನ್ನು ಯಾರು ರಚಿಸಿದರು, ಯಾರ ಅಪ್ಪಣೆಯ ಮೇರೆಗೆ ರಚಿಸಿದರು ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಕಾಗದಪತ್ರ ಯಾವುದೂ ಇಲ್ಲ. ಮೊಮ್ಮಗಳ ಹೃದಯದಲ್ಲಿ ತೂತು ಇದೆ ಎಂದು ಎಕೋ ಮಾಡಿದ ಡಾಕ್ಟರಮ್ಮ ಹೇಳಿ, ನಾವು ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮೊದಲ ಸಭೆ ಸೇರಿಯಾಗಿತ್ತು. ಕಲಬುರಗಿಯ ಕಾಕಾ ಫೋನಿನಲ್ಲಿ, ಬೀದರಿನ ಸೋದರತ್ತೆ ಖುದ್ದಾಗಿ, ನ್ಯೂಜೆರ್ಸಿಯ ಅಳಿಯಂದಿರು ವಾಟ್ಸಾಪಿನಲ್ಲಿ, ಕೆಳಗಿನ ಮನೆಯ ಅಂಕಲ್‌ಗಾರು ಲುಂಗಿಯಲ್ಲಿ. ಅಂಕಲ್‌ಗಾರು ಇಲ್ಲಿಯ ಐಡಿಪಿಎಲ್ ಔಷಧ ಕಾರ್ಖಾನೆಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಸೋವಿಯತ್ ನೆರವಿನಿಂದ ಎದ್ದ ಆ ಕಾರ್ಖಾನೆ ಮುಚ್ಚಿ ವರ್ಷಗಳಾದರೂ ಔಷಧಗಳ ಮೇಲೆ ಅವರ ಅಧಿಕಾರ ಇನ್ನೂ ಜಾರಿಯಲ್ಲಿದೆ.

ಕೋರಂ ಕೊರತೆ ಒಮ್ಮೆಯೂ ಆಗಲಿಲ್ಲ, ಚಹಾಪುಡಿ ಕೊರತೆಯಾಯಿತು. ಠರಾವು ಮೊದಲ ದಿನವೇ ಸರ್ವಾನುಮತದಿಂದ ಪಾಸಾಯಿತು: "ಇಷ್ಟ್ ಸಣ್ ಕೂಸಿನ ಎದಿ ಕೊಯ್ಯೋದಾ? ಜರಾ ದೊಡ್ಡದಾಗ್ಲಿ, ಆಮ್ಯಾಗ ನೋಡಮು." ಕೂಸಿನ ಅಪ್ಪ, ಅವ್ವ ಇಬ್ಬರಿಗೂ ಸಭೆಯಲ್ಲಿ ಮತ ಇರಲಿಲ್ಲ. ವಯಸ್ಸು ಕಡಿಮೆ ಎಂಬ ಕಾರಣ. ಅಜ್ಜನಾದ ನನಗೆ ವಯಸ್ಸು ಸಾಕಷ್ಟಿದ್ದರೂ ಮಾತು ಮುಗಿಸಲು ಬಿಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬರೆದದ್ದನ್ನು ನಡುವೆ ತಡೆದು "ಅದೆಲ್ಲ ಇರ್ಲಿ ಬಿಡು" ಅನ್ನುವುದು ಕಷ್ಟ.

ಬಾಲಾನಗರದಲ್ಲಿದ್ದುಕೊಂಡು ತೂತಿನ ವಿಷಯ ಹಗುರಾಗಿ ಮಾತಾಡಬಾರದು. ವಿಮಾನದ ಉಪಕರಣ ತಯಾರಿಸುವ ಎಚ್‌ಎಎಲ್ ಇಲ್ಲಿದೆ. ಟೂಲ್ ಡಿಸೈನ್ ಕಲಿಸುವ ಸಿಐಟಿಡಿ 1968ರಿಂದ ಇಲ್ಲಿದೆ. ತಗಡಿನ ಶೆಡ್ಡುಗಳಲ್ಲಿ ಲೇತ್, ಮಿಲ್ಲಿಂಗ್ ಯಂತ್ರಗಳು ರಾತ್ರಿಪಾಳಿಯಲ್ಲೂ ತಿರುಗುತ್ತಿರುತ್ತವೆ. ಇಲ್ಲಿಯ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ನೌಕರಿಯುದ್ದಕ್ಕೂ ನಾನು ಮಾಡಿದ್ದು ಒಂದೇ ಕೆಲಸ, ಬೇರೆಯವರು ಕೊರೆದ ತೂತು ಸರಿಯಿದೆಯೇ ಎಂದು ನೋಡುವುದು. ಅದಕ್ಕೆ ಪ್ಲಗ್ ಗೇಜ್ ಇರುತ್ತದೆ. ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಅಷ್ಟೇ. ಪಾಸು, ಇಲ್ಲವೇ ರಿಜೆಕ್ಟು. ಎಕೋ ವರದಿಯಲ್ಲಿ ಮಿಲಿಮೀಟರ್ ಲೆಕ್ಕ ಕಂಡಾಗ ನನ್ನ ಹಳೆಯ ಬುದ್ಧಿಗೆ ಒಂದು ಥರ ಸಮಾಧಾನವೇ ಆಯಿತು. ಅಳತೆ ಸಿಕ್ಕಿತು, ಇನ್ನು ತೀರ್ಮಾನಕ್ಕೆ ಎಷ್ಟು ಹೊತ್ತು!

ಡಾಕ್ಟರಮ್ಮ ನಕ್ಕರು. ಮಿಲಿಮೀಟರ್ ಅವರ ಪ್ರಶ್ನೆಗಳಲ್ಲಿ ಒಂದು ಮಾತ್ರ. ತೂತು ಗೋಡೆಯ ಯಾವ ಭಾಗದಲ್ಲಿದೆ, ಅದರಿಂದ ಎಷ್ಟು ರಕ್ತ ಹಾಯುತ್ತಿದೆ, ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಎಷ್ಟಿದೆ, ಹೃದಯದ ಎಡಭಾಗ ಹಿಗ್ಗಿದೆಯೇ, ಪಕ್ಕದ ಕವಾಟ ಜೋತುಬೀಳುತ್ತಿದೆಯೇ, ಹಾಲು ಕುಡಿಯುವಾಗ ಕೂಸಿಗೆ ಏನಾಗುತ್ತದೆ. ನನ್ನ ಗೇಜಿಗೆ ಎರಡೇ ತುದಿ, ಅವರದಕ್ಕೆ ಏಳು. ಸಾಲದ್ದಕ್ಕೆ ಅಳೆಯುವ ವಸ್ತು ವಾರವಾರಕ್ಕೂ ಬೆಳೆಯುತ್ತಿದೆ. ಇಷ್ಟನ್ನೂ ಕೂಡಿಸಿ ಕಳೆದು ಅವರು ಒಂದು ಕಾಲ ಹೇಳಿದರು. ತಾವು ಒಂದನ್ನೂ ನೋಡದೆ ಇನ್ನೊಂದು ಕಾಲ ಹೇಳಿದಿರಿ. ತಮ್ಮ ಉಪಕರಣ ಹೆಚ್ಚು ಮುಂದುವರಿದದ್ದಿರಬೇಕು.

ಸೋದರತ್ತೆಯವರ ಮೊದಲ ಆಕ್ಷೇಪಣೆ ನ್ಯಾಯವಾದದ್ದೇ. "ಹುಟ್ಟಿದಾಗ ಛಲೋ ಇತ್ತಲ್ಲ, ಈಗ ಎಲ್ಲಿಂದ ಬಂತು?" ಹುಟ್ಟಿದಾಗ ಛಲೋ ಇದ್ದದ್ದು ನಿಜ, ಆಸ್ಪತ್ರೆಯಿಂದ ನಗುನಗುತ್ತ ಕಳಿಸಿದ್ದೂ ನಿಜ. ತೂತು ಆಗಲೂ ಇತ್ತು. ಹುಟ್ಟಿದ ಹೊಸದರಲ್ಲಿ ಶ್ವಾಸಕೋಶದ ಸಣ್ಣ ರಕ್ತನಾಳಗಳು ಬಿಗಿಯಾಗಿರುವುದರಿಂದ ಹೃದಯದ ಎಡಕ್ಕೂ ಬಲಕ್ಕೂ ಒತ್ತಡದಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. ಕೆಳಗಿನ ಎರಡು ಕೋಣೆಗಳ ನಡುವೆ ತೂತಿದ್ದರೂ ರಕ್ತ ಹೆಚ್ಚು ಹಾಯುವುದಿಲ್ಲ, ಸ್ಟೆತಾಸ್ಕೋಪಿಗೆ ಸದ್ದೂ ಸಿಗುವುದಿಲ್ಲ. ಬರುವ ವಾರಗಳಲ್ಲಿ ಆ ನಾಳಗಳು ಸಡಿಲಾಗುತ್ತವೆ. ಆರೋಗ್ಯವಂತ ಕೂಸಿಗೆ ಅದು ಒಳ್ಳೆಯದು. ನಮ್ಮ ಕೂಸಿಗೆ ಅಲ್ಲಿಂದಲೇ ತೊಂದರೆ ಶುರು. ಶ್ವಾಸಕೋಶಕ್ಕೆ ಹೋಗಿ ಶುದ್ಧವಾಗಿ ಬಂದ ರಕ್ತ, ಮೈಗೆ ಹೋಗುವ ಬದಲು ತೂತಿನಿಂದ ಬಲಕ್ಕೆ ನುಗ್ಗಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಮೈಗೆ ಒಂದು ಪಾಲು, ಶ್ವಾಸಕೋಶಕ್ಕೆ ಎರಡು ಮೂರು ಪಾಲು. ಉಸಿರು ಏರುತ್ತದೆ.

ಇದನ್ನು ಮೊದಲು ಕಂಡದ್ದು ಯಂತ್ರವಲ್ಲ, ನನ್ನ ಸೊಸೆ. ಎರಡು ಗುಟುಕು ಕುಡಿದು ಕೂಸು ನಿಲ್ಲಿಸುತ್ತದೆ, ಹಣೆಯೆಲ್ಲ ಬೆವರುತ್ತದೆ, ಸುಸ್ತಾಗಿ ನಿದ್ದೆಹೋಗುತ್ತದೆ, ಅರ್ಧ ಗಂಟೆಗೆ ಹಸಿದು ಏಳುತ್ತದೆ, ಪಕ್ಕೆಲುಬಿನ ನಡುವೆ ಚರ್ಮ ಒಳಸರಿಯುತ್ತದೆ ಎಂದು ಅವಳು ಹೇಳುತ್ತಲೇ ಇದ್ದಳು. ಸಮಿತಿ ಆಗ ತನಿಖೆ ನಡೆಸಿ "ಅವ್ವನ ಹಾಲು ತೆಳ್ಳಗ ಆಗ್ಯಾವ" ಎಂದು ವರದಿ ಕೊಟ್ಟಿತು. ಮೆಂತ್ಯ ತಿನ್ನಿಸಿತು, ದೃಷ್ಟಿ ತೆಗೆಸಿತು, ಡಬ್ಬಿ ಹಾಲು ಶುರುಮಾಡಿಸಲು ನೋಡಿತು. ಕೂಸಿನ ಹೃದಯದ ಸೋರಿಕೆಯನ್ನು ತಾಯಿಯ ಎದೆಯ ಮೇಲೆ ಹೊರಿಸಿದ ಈ ವರದಿಯನ್ನು ಸಮಿತಿ ಇನ್ನೂ ಹಿಂತೆಗೆದುಕೊಂಡಿಲ್ಲ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಮೊದಲ ವಿಷಯವಾಗಿ ಇದನ್ನು ಸೇರಿಸಬೇಕೆಂದು ಕೋರುತ್ತೇನೆ.

ಇನ್ನು "ತಾನೇ ಮುಚ್ಕೋತದ" ಎಂಬ ವಾದ. ಅಳಿಯಂದಿರು ಇದಕ್ಕೆ ಬೆಂಬಲವಾಗಿ ಕಳಿಸಿದ ಲಿಂಕುಗಳನ್ನೆಲ್ಲ ಓದಿದ್ದೇನೆ. ಅವು ಸುಳ್ಳಲ್ಲ. ಗೋಡೆಯ ಸ್ನಾಯು ಭಾಗದಲ್ಲಿರುವ ಸಣ್ಣ ತೂತುಗಳು ಬಹುಪಾಲು ಮೊದಲ ಒಂದೆರಡು ವರ್ಷದಲ್ಲಿ ತಾವೇ ಮುಚ್ಚಿಕೊಳ್ಳುತ್ತವೆ. ಮುಚ್ಚದೆ ಉಳಿದರೂ ಎಷ್ಟೋ ಮಂದಿಗೆ ಆಪರೇಷನ್ ಬೇಡ. ಹಲ್ಲು ಚೊಕ್ಕ ಇಟ್ಟುಕೊಂಡು, ಕರೆದಾಗ ಹೋಗಿ ತೋರಿಸಿಕೊಂಡು, ಮುದುಕರಾಗುವವರೆಗೂ ಬಾಳುತ್ತಾರೆ. ಪ್ಯಾರಿಸ್ಸಿನ ಆನ್ರಿ ರೋಜೆ 1879ರಲ್ಲೇ ಇಂಥ ತೂತನ್ನು ವಿವರಿಸಿ ಬರೆದಿದ್ದಾನೆ. ಅದರ ತಮಾಷೆ ಏನೆಂದರೆ ಸಣ್ಣ ತೂತಿನ ಸದ್ದು ಭಾರಿ. ಸಂದಿ ಕಿರಿದು, ಒತ್ತಡದ ಅಂತರ ಹೆಚ್ಚು, ರಕ್ತ ಭೋರೆಂದು ಹಾಯುತ್ತದೆ. ತೂತು ತೀರ ದೊಡ್ಡದಿದ್ದರೆ ಎರಡು ಕಡೆಯ ಒತ್ತಡವೂ ಸಮಸಮಕ್ಕೆ ಬಂದು ಸದ್ದು ಮೆತ್ತಗಾಗುತ್ತದೆ. ಗದ್ದಲ ಮಾಡುವವರಿಂದ ಅಪಾಯ ಕಡಿಮೆ ಎಂಬ ಈ ನಿಯಮ ನಮ್ಮ ಸಮಿತಿಗೂ ಅನ್ವಯಿಸಬಹುದೆಂದು ಬಹಳ ದಿನ ನಂಬಿದ್ದೆ.

ಆದರೆ ಲಿಂಕಿನಲ್ಲಿರುವ ತೂತು ಬೇರೆ, ನಮ್ಮ ಮನೆಯ ತೂತು ಬೇರೆ. ಇದು ಕವಾಟಗಳ ಪಕ್ಕದ ಪೊರೆಯ ಭಾಗದಲ್ಲಿದೆ, ದೊಡ್ಡದಿದೆ, ಶ್ವಾಸಕೋಶದ ಒತ್ತಡವನ್ನು ಆಗಲೇ ಏರಿಸಿದೆ. ನೀರಿಳಿಸುವ ಔಷಧ, ಹೃದಯದ ಹೊರೆ ಇಳಿಸುವ ಔಷಧ ಎರಡೂ ನಡೆದಿವೆ. ಹಿಂಡಿದ ಹಾಲಿಗೆ ಕೊಬ್ಬರಿ ಎಣ್ಣೆ ಬೆರೆಸಿ ಕೊಡಲು ಹೇಳಿದರು, ಕೊಡುತ್ತಿದ್ದೇವೆ. ಹುಟ್ಟಿದಾಗ ಎರಡೂ ಮುಕ್ಕಾಲು ಕೆ.ಜಿ. ಇದ್ದ ಕೂಸು ನಾಲ್ಕನೇ ತಿಂಗಳಿಗೂ ನಾಲ್ಕು ಕೆ.ಜಿ. ಮುಟ್ಟಿಲ್ಲ.

"ಅದಕ್ಕೇ ಅಲ್ಲ ನಾವ್ ಅನ್ನೋದು, ತೂಕ ಬರ್ಲಿ!" ಎಂದು ಕಾಕಾ ಈಗ ಮೇಜು ಗುದ್ದಿರುತ್ತಾರೆ. ಕಾಕಾ, ತಮ್ಮ ಸಲಹೆಗೆ ದೊಡ್ಡ ಇತಿಹಾಸವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ತಾವು ಹುಡುಗರಿದ್ದಾಗ ಜಗತ್ತಿನ ಅತಿ ದೊಡ್ಡ ಸರ್ಜನ್‌ಗಳು ಇದೇ ಮಾತು ಹೇಳುತ್ತಿದ್ದರು. ರಕ್ತವನ್ನು ಹೊರಗಿನ ಯಂತ್ರದಲ್ಲಿ ಓಡಿಸಿ, ಹೃದಯ ತೆರೆದು ಜಾನ್ ಗಿಬ್ಬನ್ ಮೊದಲ ಸಲ ಗೆದ್ದದ್ದು 1953ರಲ್ಲಿ, ರೋಗಿ ಹದಿನೆಂಟರ ಹುಡುಗಿ. ಆಗಿನ ಯಂತ್ರವನ್ನು ನಾಲ್ಕು ಕೆ.ಜಿ. ಕೂಸು ತಾಳುತ್ತಿರಲಿಲ್ಲ. ಹಾಗಾಗಿ ಶ್ವಾಸಕೋಶದ ದೊಡ್ಡ ನಾಳಕ್ಕೆ ಒಂದು ಪಟ್ಟಿ ಬಿಗಿದು, ರಕ್ತದ ನುಗ್ಗಾಟ ತಗ್ಗಿಸಿ, ಕೂಸು ಬೆಳೆದ ಮೇಲೆ ಪಟ್ಟಿ ಬಿಚ್ಚಿ ತೂತು ಮುಚ್ಚುವ ಉಪಾಯವನ್ನೇ ನಡೆಸಿಕೊಂಡು ಬಂದರು. ಮುಲ್ಲರ್ ಮತ್ತು ಡ್ಯಾಮನ್ ಎಂಬ ಇಬ್ಬರು 1952ರಲ್ಲಿ ಶುರುಮಾಡಿದ ಈ ಪದ್ಧತಿ ಕೆಲವು ಮಕ್ಕಳಿಗೆ ಈಗಲೂ ಬೇಕಾಗುತ್ತದೆ. ಆಮೇಲೆ ನ್ಯೂಜಿಲೆಂಡಿನ ಬ್ಯಾರಟ್-ಬಾಯ್ಸ್ ಕೂಸುಗಳ ಮೈಯನ್ನು ಚೆನ್ನಾಗಿ ತಣಿಸಿ, ರಕ್ತದ ಓಟವನ್ನೇ ಸ್ವಲ್ಪ ಹೊತ್ತು ನಿಲ್ಲಿಸಿ, ಒಂದೇ ಸಲಕ್ಕೆ ರಿಪೇರಿ ಮಾಡಿ ತೋರಿಸಿದ. ಬಾಸ್ಟನ್ನಿನ ಕಾಸ್ತನೇಡ ಇನ್ನೂ ಮುಂದೆ ಹೋಗಿ, ಹುಟ್ಟಿದ ಕೆಲವೇ ದಿನದವರನ್ನೂ ಮೇಜಿಗೆ ತಂದ. ಇಷ್ಟೆಲ್ಲ ನಡೆದು ಅರ್ಧ ಶತಮಾನ ಕಳೆದಿದೆ. ತಮ್ಮ ಸಲಹೆ ಮಾತ್ರ 1960ರ ನಿಲ್ದಾಣದಲ್ಲಿ ಟಿಕೆಟ್ ಹಿಡಿದು ನಿಂತಿದೆ.

ಉಸಿರಾಡುವುದಕ್ಕೇ ಖರ್ಚಾಗುವ ಶಕ್ತಿಯನ್ನು ಕೂಸು ತೂಕಕ್ಕೆ ಎಲ್ಲಿಂದ ತರಬೇಕು? ತೂಕ ಬರದಂತೆ ತಡೆದಿರುವುದೇ ತೂತು, ತೂತು ಮುಚ್ಚಲು ತೂಕ ಬರಬೇಕು ಎನ್ನುತ್ತೀರಿ. ಕೊಚ್ಚಿಯ ಅಮೃತಾ ಆಸ್ಪತ್ರೆಯ ವೈದ್ಯರು ನಮ್ಮ ಕೂಸಿನಂಥ ಸೊರಗಿದ ಮಕ್ಕಳನ್ನೇ ಆಪರೇಷನ್ ಮಾಡಿ, ಆಮೇಲೆ ತೂಕ ಹೇಗೆ ಏರುತ್ತದೆ ಎಂದು ದಾಖಲಿಸಿ ಬರೆದಿದ್ದಾರೆ.

ನಮ್ಮ ದೇಶದ ಹೃದ್ರೋಗ ತಜ್ಞರು, ಸರ್ಜನ್‌ಗಳು ಕುಳಿತು ಯಾವ ದೋಷಕ್ಕೆ ಯಾವ ವಯಸ್ಸು ಎಂದು ಒಂದು ಪಟ್ಟಿ ಮಾಡಿದ್ದಾರೆ. 2008ರಲ್ಲಿ ಒಮ್ಮೆ ಪ್ರಕಟವಾಯಿತು, 2019ರಲ್ಲಿ ತಿದ್ದಿ ಮತ್ತೆ ಬಂತು. ಅವರೂ ಒಂದು ಸಮಿತಿಯೇ, ನಮ್ಮಷ್ಟು ಒಗ್ಗಟ್ಟಿಲ್ಲ ಅಷ್ಟೇ. ಔಷಧಕ್ಕೆ ಬಗ್ಗದ ದೊಡ್ಡ ವಿಎಸ್‌ಡಿಗೆ, ಅಂದರೆ ನಮ್ಮ ಕೂಸಿನಂತೆ ಕೆಳಗಿನ ಎರಡು ಕೋಣೆಗಳ ನಡುವಿನ ತೂತಿಗೆ, ಅವರು "ಆದಷ್ಟು ಬೇಗ" ಎನ್ನುತ್ತಾರೆ. ಔಷಧಕ್ಕೆ ಬಗ್ಗಿದರೂ ಶ್ವಾಸಕೋಶದ ಒತ್ತಡ ಏರಿದ್ದರೆ ಮೂರರಿಂದ ಆರು ತಿಂಗಳು. ಕಾಯಬಾರದು ಎಂದು ಎಲ್ಲರಿಗೂ ಒಂದೇ ಮಾತನ್ನು ಅವರು ಹೇಳುವುದಿಲ್ಲ, ಇದನ್ನು ತಾವು ಗಮನಿಸಬೇಕು. ಮೇಲಿನ ಎರಡು ಕೋಣೆಗಳ ನಡುವೆ ತೂತಿದ್ದು, ಆಡಿಕೊಂಡಿರುವ ಮಗುವಾದರೆ ಎರಡರಿಂದ ನಾಲ್ಕು ವರ್ಷದವರೆಗೆ ಕಾಯಬಹುದು. ಆಮೇಲೂ ಬಹಳ ಮಕ್ಕಳಿಗೆ ಎದೆ ಕೊಯ್ಯದೆ ತೊಡೆಯ ನಾಳದಿಂದ ಛತ್ರಿಯಂಥ ಸಾಧನ ಕಳಿಸಿ ಮುಚ್ಚುತ್ತಾರೆ. ಹಾಗೆಯೇ ದೊಡ್ಡ ನಾಳಗಳೆರಡು ಅದಲುಬದಲಾಗಿ ಹುಟ್ಟಿದ ಕೂಸಿಗೆ ವಾರಗಳ ಲೆಕ್ಕ. ಕೋಣೆಗಳ ನಡುವಿನ ಗೋಡೆ ಸರಿಯಿದ್ದರೆ ಹುಟ್ಟಿದ ಮೂರು ವಾರದೊಳಗೆ ನಾಳ ಬದಲಿಸಬೇಕು. ತಡವಾದರೆ ಎಡಗೋಣೆಯ ಸ್ನಾಯು ಮೈಗೆ ರಕ್ತ ತಳ್ಳುವ ಬಲ ಕಳೆದುಕೊಂಡಿರುತ್ತದೆ. ಅಂಥ ಮನೆಯಲ್ಲಿ ನಮ್ಮ ಸಮಿತಿ ಸೇರಿದ್ದರೆ ಮೊದಲ ಸಭೆಯ ನಡಾವಳಿ ಓದಿ ಮುಗಿಯುವುದರೊಳಗೆ ಕಾಲ ಮೀರುತ್ತಿತ್ತು.

ಸಮಿತಿಯಲ್ಲಿ ಒಬ್ಬರು ಭಿನ್ನಮತೀಯರೂ ಇದ್ದಾರೆ, ನ್ಯಾಯವಾಗಿ ಹೇಳಬೇಕು. ಮಗನ ಗೆಳೆಯ, ಯಾವುದೋ ಆಸ್ಪತ್ರೆಯ ಮಾರ್ಕೆಟಿಂಗ್‌ನಲ್ಲಿ ಇದ್ದಾನಂತೆ. ವರದಿ ನೋಡುವ ಮೊದಲೇ "ನಾಳೆನೇ ಅಡ್ಮಿಟ್ ಮಾಡ್ಸಿ ಅಂಕಲ್, ಪ್ಯಾಕೇಜ್ ಮಾತಾಡ್ತೀನಿ" ಎಂದ. ಅವನಿಗೂ ತಮಗೂ ನಾನು ಕಾಣುವ ವ್ಯತ್ಯಾಸ ಸ್ವಲ್ಪವೇ. ಕೂಸನ್ನು ಇಬ್ಬರೂ ನೋಡಿಲ್ಲ.

ಈಗ ಬಹಳ ಹೆದರಿಕೆಯ ಭಾಗಕ್ಕೆ ಬರುತ್ತೇನೆ. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ತಮಗೂ ಬರದಿರಲಿ ಎಂದೇ ವಿವರವಾಗಿ ಬರೆಯುತ್ತಿದ್ದೇನೆ.

ತಮ್ಮ ಮಾತು ಕೇಳಿ ನಾವು ಕಾದೆವು ಅಂತಿಟ್ಟುಕೊಳ್ಳಿ. ಕೂಸು ಆಗಾಗ ನ್ಯುಮೋನಿಯಾ ಬಂದು ಆಸ್ಪತ್ರೆ ಸೇರುತ್ತದೆ, ಹೇಗೋ ಪಾರಾಗುತ್ತದೆ. ಆಮೇಲೆ ಒಂದು ದಿನ ಚೇತರಿಕೆ ಶುರುವಾಗುತ್ತದೆ! ಬೆವರು ನಿಲ್ಲುತ್ತದೆ, ಉಸಿರು ನಿಧಾನವಾಗುತ್ತದೆ, ನೆಗಡಿ ಕೆಮ್ಮು ಕಡಿಮೆ, ಕೆನ್ನೆ ತುಂಬುತ್ತದೆ. ಡಾಕ್ಟರು ಎದೆಗೆ ಕಿವಿಯಿಟ್ಟರೆ ಮೊದಲಿನ ಸದ್ದೂ ಇಲ್ಲ. ಆ ದಿನ ಸಮಿತಿ ಹೋಳಿಗೆ ಮಾಡಿಸುತ್ತದೆ. "ನೋಡಿದ್ರೇನು? ನಾವ್ ಹೇಳಿದ್ವಿಲ್ಲೊ?" ಎಂದು ಕಾಕಾ ಕಲಬುರಗಿಯಿಂದ ಹೊರಟೇ ಬರುತ್ತಾರೆ.

ನಡೆದದ್ದೇ ಬೇರೆ. ತಿಂಗಳುಗಟ್ಟಲೆ ವಿಪರೀತ ರಕ್ತ ಹೊತ್ತ ಶ್ವಾಸಕೋಶದ ಸಣ್ಣ ನಾಳಗಳ ಗೋಡೆ ದಪ್ಪವಾಗಿದೆ, ಒಳದಾರಿ ಕಿರಿದಾಗಿದೆ. ಬಲಭಾಗದ ಒತ್ತಡ ಎಡಭಾಗದ ಮಟ್ಟಕ್ಕೆ ಏರಿದ್ದರಿಂದ ತೂತಿನಿಂದ ರಕ್ತ ಹಾಯುವುದು ಕಡಿಮೆಯಾಗಿದೆ. ಅದಕ್ಕೇ ಸದ್ದಿಲ್ಲ, ಅದಕ್ಕೇ ಉಸಿರು ಹಗುರ. ಮುಂದೆ ಬಲದ ಒತ್ತಡ ಎಡವನ್ನೂ ಮೀರುತ್ತದೆ, ರಕ್ತ ತಿರುವುಮುರುವಾಗಿ ಅಶುದ್ಧ ರಕ್ತವೇ ಮೈಗೆ ಹೋಗುತ್ತದೆ, ತುಟಿ ಉಗುರು ನೀಲಿಗಟ್ಟುತ್ತವೆ. ದೊಡ್ಡ ವಿಎಸ್‌ಡಿಯಲ್ಲಿ ಈ ನಾಳಗಳು ಒಂದೆರಡು ವರ್ಷದಲ್ಲೇ ಹಿಂದಿರುಗಲಾಗದ ಹಂತ ಮುಟ್ಟಬಹುದು. ಆಗ ಕೂಸು "ದೊಡ್ಡದಾಗಿರುತ್ತದೆ", ತೂಕವೂ ಬಂದಿರುತ್ತದೆ, ಠರಾವಿನ ಷರತ್ತುಗಳೆಲ್ಲ ಪೂರೈಸಿರುತ್ತವೆ. ಸರ್ಜನ್ ಮಾತ್ರ ಕೈ ಹಚ್ಚುವುದಿಲ್ಲ. ಬಲಭಾಗದ ಒತ್ತಡಕ್ಕೆ ಉಳಿದ ಒಂದೇ ದಾರಿ ಆ ತೂತು, ಅದನ್ನು ಮುಚ್ಚಿದರೆ ಹೃದಯ ಸೋಲುತ್ತದೆ.

ವಿಯೆನ್ನಾದ ವಿಕ್ಟರ್ ಐಸೆನ್‌ಮೆಂಗರ್ ಎಂಬ ವೈದ್ಯ 1897ರಲ್ಲಿ ಇಂಥ 32 ವರ್ಷದ ರೋಗಿಯ ಬಗ್ಗೆ ಬರೆದ. ಎಳವೆಯಿಂದ ನೀಲಿಗಟ್ಟುತ್ತಿದ್ದವನು, ಆದರೂ ಬೆಳೆದು ದೊಡ್ಡವನಾಗಿ ಕಡೆಗೆ ರಕ್ತ ಕಾರಿ ತೀರಿಕೊಂಡ. ಲಂಡನ್ನಿನ ಪಾಲ್ ವುಡ್ 1958ರಲ್ಲಿ ಈ ಸ್ಥಿತಿಗೆ ಐಸೆನ್‌ಮೆಂಗರನ ಹೆಸರು ಗಟ್ಟಿಮಾಡಿದ. (ಐಸೆನ್‌ಮೆಂಗರ್ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡನ ಖಾಸಗಿ ವೈದ್ಯನೂ ಆಗಿದ್ದ. ಯುವರಾಜನ ಕ್ಷಯಕ್ಕೆ ಚಿಕಿತ್ಸೆ ಕೊಟ್ಟು ಉಳಿಸಿಕೊಂಡ, ಸರಯೇವೋದ ಗುಂಡಿಗೆ ಅವನ ಬಳಿ ಔಷಧ ಇರಲಿಲ್ಲ.) ಡಾಕ್ಟರಮ್ಮ ಹೇಳಿದ್ದು ಇಷ್ಟು: ಪಂಚಾಂಗ ನೋಡಬೇಡಿ, ತಕ್ಕಡಿಯನ್ನೂ ನೋಡಬೇಡಿ, ಗಡಿಯಾರ ಇರುವುದು ಶ್ವಾಸಕೋಶದ ನಾಳದಲ್ಲಿ. ಹೊರಗೆ ಕೂಸು ಚೆನ್ನಾಗಿ ಕಾಣುತ್ತದೆಯೋ ಇಲ್ಲವೋ ಎನ್ನುವುದರಿಂದ ಆ ಗಡಿಯಾರದ ಮುಳ್ಳು ಎಲ್ಲಿದೆ ಎಂದು ತಿಳಿಯುವುದಿಲ್ಲ.

ಸೋದರತ್ತೆ, ತಾವು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿದ ಮಾತನ್ನೂ ಬಹಿರಂಗ ಮಾಡುತ್ತಿದ್ದೇನೆ, ಕ್ಷಮೆಯಿರಲಿ. "ಹೆಣ್ ಕೂಸು. ಎದಿ ಮ್ಯಾಲ ಅಷ್ಟುದ್ದ ಗಾಯ ಇಟ್ಕೊಂಡು ನಾಳೆ ಲಗ್ನ ಹೆಂಗ?" ಈ ಮಾತು ತಮ್ಮೊಬ್ಬರದಲ್ಲ. ದೆಹಲಿಯ ಏಮ್ಸ್‌ನ ವೈದ್ಯರು, ಹೃದಯದ ಆಪರೇಷನ್ ಬೇಕು ಎಂದು ಹೇಳಿಸಿಕೊಂಡ ಮಕ್ಕಳು ಆಮೇಲೆ ಏನಾದರು ಎಂದು ಹಿಂಬಾಲಿಸಿ ನೋಡಿ 2011ರಲ್ಲಿ ಪ್ರಕಟಿಸಿದರು. ಒಂದು ವರ್ಷದೊಳಗೆ ಗಂಡುಮಕ್ಕಳಲ್ಲಿ ಶೇಕಡ 70ರಷ್ಟು ಮಂದಿಗೆ ಆಪರೇಷನ್ ಆಗಿತ್ತು, ಹೆಣ್ಣುಮಕ್ಕಳಲ್ಲಿ ಶೇಕಡ 44ರಷ್ಟು ಮಂದಿಗೆ. ಹೃದಯ ಅದೇ, ತೂತು ಅದೇ, ಡಾಕ್ಟರು ಅದೇ. ನಡುವೆ ಕಾಣೆಯಾದ ಇಪ್ಪತ್ತಾರು ಯಾರ ಮನೆಯ ಸಭೆಯಲ್ಲಿ ಕಾಣೆಯಾದವೋ ತಾವೇ ಊಹಿಸಬಹುದು. ನಮ್ಮದು ಗಂಡು ಕೂಸಾಗಿದ್ದರೆ ಕಾಕಾ ಇಷ್ಟು ಹೊತ್ತಿಗೆ ಬೆಂಗಳೂರಿನ ಸರ್ಜನ್‌ಗೆ ಯಾರ ವಶೀಲಿ ಹಚ್ಚಬೇಕೆಂದು ಹುಡುಕುತ್ತಿದ್ದರು. ಇದು ನನ್ನ ಅನುಮಾನವಷ್ಟೇ, ಸುಳ್ಳಾದರೆ ಎಲ್ಲರಿಗಿಂತ ಮೊದಲು ನಾನೇ ಸಂತೋಷಪಡುತ್ತೇನೆ.

ಲಗ್ನದ ಲೆಕ್ಕವನ್ನೇ ಹಾಕೋಣ, ಬೇಡ ಅನ್ನುವುದಿಲ್ಲ. ಗಾಯ ಇದ್ದರೆ ರವಿಕೆಯ ಕೊರಳು ಒಂದು ಬೆರಳು ಮೇಲೆ ಹೊಲಿಸಬೇಕು. ತೂತು ಬಿಟ್ಟು ಐಸೆನ್‌ಮೆಂಗರ್ ಸ್ಥಿತಿಗೆ ಹೋದ ಹುಡುಗಿಗೆ ಎರಡು ಮೆಟ್ಟಿಲು ಹತ್ತುವುದೂ ಕಷ್ಟ. ಬಸಿರಾದರೆ ಪ್ರಾಣಕ್ಕೇ ಸಂಚಕಾರ, ಬಸಿರೇ ಬೇಡ ಎಂದು ವೈದ್ಯರು ಮೊದಲೇ ಹೇಳುತ್ತಾರೆ. ಯಾವ ಬೀಗರಿಗೆ ಯಾವುದು ಒಪ್ಪಿಗೆ ಎಂದು ತಾವೇ ವಿಚಾರಿಸಿ ತಿಳಿಸಿ.

ಮುಹೂರ್ತದ ಉಪಸಮಿತಿ ಪ್ರತ್ಯೇಕ ಟಿಪ್ಪಣಿ ಕೊಟ್ಟಿದೆ. ಆಷಾಢ ಬೇಡ, ಅಮಾವಾಸ್ಯೆ ಬೇಡ, ಕೆಳಗಿನ ಮನೆಯವರ ಪ್ರಕಾರ ಮೂಢಂ ಎಂಬ ಅಶುಭ ಕಾಲ ನಡೆಯುತ್ತಿದೆ, ಜಾವಳ ತೆಗೆಸದೆ ಆಸ್ಪತ್ರೆಗೆ ಒಯ್ಯಬಾರದು, ಜಾವಳಕ್ಕೆ ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಯವರೆಗೆ ನಿಲ್ಲಬೇಕು. ವೀರಭದ್ರ ಅಷ್ಟು ಅವಸರದ ದೇವರಲ್ಲ, ಮುಂದಿನ ವರ್ಷವೂ ಅಲ್ಲೇ ಇರುತ್ತಾನೆ. ಸರ್ಜನ್ ಕೂಡ ಕಾಯಿಸಿದರು, ಹೇಳಬೇಕಾದದ್ದೇ. ಕೂಸಿಗೆ ಕೆಮ್ಮು ಜ್ವರ ಬಂದಿತ್ತು, ಎದೆ ತಿಳಿಯಾಗದೆ ಹಾರ್ಟ್-ಲಂಗ್ ಯಂತ್ರಕ್ಕೆ ಹಾಕಿದರೆ ಶ್ವಾಸಕೋಶ ತಾಳುವುದಿಲ್ಲ ಎಂದರು. ಆದರೆ ಅವರು ಕಾಯಿಸಿದಾಗ ವಾರವಾರ ತೂಕ ನೋಡಿದರು, ಔಷಧದ ಪ್ರಮಾಣ ಬದಲಿಸಿದರು, ಯಾವ ದಿನ ಮತ್ತೆ ಬರಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು. ತಮ್ಮ ಠರಾವಿನಲ್ಲಿ ತಾರೀಖಿನ ಜಾಗ ಖಾಲಿಯಿದೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಶೆಡ್ಡಿನಲ್ಲಿ ದುಡಿಯುವವರಿಗೆ ಇಎಸ್ಐ ಇದೆ, ಅದರ ದೊಡ್ಡ ಆಸ್ಪತ್ರೆ ಸನತ್‌ನಗರದಲ್ಲಿ, ಇಲ್ಲಿಗೆ ಹತ್ತಿರ. ಬಡವರಿಗೆ 2007ರಿಂದ ಆರೋಗ್ಯಶ್ರೀ ಇದೆ, 2023ರ ಡಿಸೆಂಬರಿನಲ್ಲಿ ತೆಲಂಗಾಣ ಸರ್ಕಾರ ಅದರ ಮಿತಿಯನ್ನು 10 ಲಕ್ಷಕ್ಕೆ ಏರಿಸಿತು. ಮಕ್ಕಳ ಹೃದಯದ ಆಪರೇಷನ್ ಮಾಡುವ ಸರ್ಕಾರಿ ಸಂಸ್ಥೆ ನಿಮ್ಸ್ ಇರುವುದು ಪಂಜಾಗುಟ್ಟದಲ್ಲಿ, ನಮ್ಮ ಬಾಲಾನಗರ ಮೆಟ್ರೋದಿಂದ ಏಳನೇ ನಿಲ್ದಾಣ. 2003ರ ಜುಲೈಯಲ್ಲಿ ದೆಹಲಿ-ಲಾಹೋರ್ ಬಸ್ಸು ಮತ್ತೆ ಶುರುವಾದಾಗ, ಮೊದಲ ಬಸ್ಸಿನಲ್ಲೇ ಪಾಕಿಸ್ತಾನದ ಎರಡೂವರೆ ವರ್ಷದ ಕೂಸೊಂದು ಅಪ್ಪ ಅವ್ವನ ಜತೆ ಗಡಿ ದಾಟಿ ಬಂದು ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಹೃದಯದ ತೂತು ಮುಚ್ಚಿಸಿಕೊಂಡು ಹೋಯಿತು. ಎರಡು ದೇಶಗಳ ಸೈನ್ಯ ಎದುರುಬದುರು ನಿಂತು ವರ್ಷ ಕಳೆಯುವುದರೊಳಗೆ ಆ ಮನೆಯವರು ಹೊರಟುಬಂದರು. ನಾವು ಏಳು ನಿಲ್ದಾಣ ದಾಟಲು ಮೂಢಂ ಮುಗಿಯಲಿ ಎನ್ನುತ್ತಿದ್ದೇವೆ.

ಆಪರೇಷನ್ನಿನಲ್ಲಿ ಅಪಾಯವೇ ಇಲ್ಲ ಎಂದು ಯಾರೂ ನನಗೆ ಹೇಳಿಲ್ಲ. ಎದೆಯ ಮೂಳೆ ಸೀಳುತ್ತಾರೆ, ಹೃದಯ ನಿಲ್ಲಿಸುತ್ತಾರೆ, ಬಲಗಡೆಯ ಮೇಲುಕೋಣೆ ತೆರೆದು ಕವಾಟದ ಮೂಲಕ ತೂತಿಗೆ ತೇಪೆ ಹೊಲಿಯುತ್ತಾರೆ. ತೂತಿನ ಅಂಚಿನಲ್ಲೇ ಹೃದಯದ ವಿದ್ಯುತ್ತಿನ ಎಳೆ ಹಾದಿರುತ್ತದೆ, ಹೊಲಿಗೆ ಅದಕ್ಕೆ ತಗುಲಿದರೆ ಪೇಸ್‌ಮೇಕರ್ ಬೇಕಾಗಬಹುದು. ಸಾವಿನ ಮಾತನ್ನೂ ಸರ್ಜನ್ ತಪ್ಪಿಸಲಿಲ್ಲ. ಇಷ್ಟು ಹೇಳಿ, ಕಾದರೆ ಏನು ಎನ್ನುವುದನ್ನೂ ಅದೇ ದನಿಯಲ್ಲಿ ಹೇಳಿದರು. ಮಗ, ಸೊಸೆ ಇಬ್ಬರೂ ಕೇಳಿಸಿಕೊಂಡು, ಹೊರಗಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, ಒಳಗೆ ಹೋಗಿ ಸಹಿ ಹಾಕಿದರು. ಸಮಿತಿಯ ಅನುಮತಿ ಕೇಳಲು ಅವರಿಗೆ ನೆನಪಾಗಲಿಲ್ಲ. ನನಗೆ ನೆನಪಾಗಿತ್ತು, ಸುಮ್ಮನಿದ್ದೆ.

ಸಮಿತಿಯ ಸಮಾಧಾನಕ್ಕೆ ಒಂದು ಪೂರ್ವನಿದರ್ಶನ ಕೊಡುತ್ತೇನೆ. 1938ರ ಆಗಸ್ಟಿನಲ್ಲಿ ಬಾಸ್ಟನ್ನಿನ ರಾಬರ್ಟ್ ಗ್ರಾಸ್ ಎಂಬ ತರುಣ ಸರ್ಜನ್ ಏಳು ವರ್ಷದ ಹುಡುಗಿಯ ಹೃದಯದ ಬಳಿ ಮುಚ್ಚದೆ ಉಳಿದಿದ್ದ ನಾಳವನ್ನು ಕಟ್ಟಿಹಾಕಿದ. ಜನ್ಮದಿಂದ ಬಂದ ಹೃದಯದೋಷದ ಚಿಕಿತ್ಸೆ ಶುರುವಾದದ್ದೇ ಅಲ್ಲಿಂದ. ಅವನ ವಿಭಾಗದ ಮುಖ್ಯಸ್ಥ ಲ್ಯಾಡ್‌ಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. ಅವರು ರಜೆಯ ಮೇಲೆ ಊರಲ್ಲಿಲ್ಲದ ದಿನ ನೋಡಿ ಗ್ರಾಸ್ ಕೆಲಸ ಮುಗಿಸಿದ. ಹುಡುಗಿ ಬದುಕಿ, ಲಗ್ನವಾಗಿ, ಮಕ್ಕಳೊಂದಿಗಳಾಗಿ ಮುದುಕಿಯಾದಳು.

ಸಮಿತಿಯನ್ನು ವಿಸರ್ಜಿಸಿ ಎಂದು ಕೇಳುವ ಧೈರ್ಯ ನನಗಿಲ್ಲ, ಮುಂದೆ ಶಾಲೆ ಆಯ್ಕೆಯ ಕಾಲಕ್ಕೆ ಅದು ಹೇಗೂ ಮತ್ತೆ ಸೇರುತ್ತದೆ. ಸದ್ಯಕ್ಕೆ ಕೆಲಸ ಹಂಚಿದ್ದೇನೆ. ರಕ್ತ ಬೇಕು, ಬಿ ಪಾಸಿಟಿವ್. ಅಂಕಲ್‌ಗಾರು ತಮ್ಮ ಇಬ್ಬರು ಮಕ್ಕಳನ್ನು ಹಿಂದಿನ ದಿನವೇ ಬ್ಲಡ್ ಬ್ಯಾಂಕಿಗೆ ಕಳಿಸಿಕೊಡಬೇಕು. ಅಳಿಯಂದಿರು ಲಿಂಕುಗಳ ಬದಲು ಸೊಸೆಗೆ ರಜೆಯ ಸಂಬಳ ಕಡಿತವಾದಷ್ಟು ದುಡ್ಡು ಕಳಿಸಿದರೆ ಸಾಕು. ಸೋದರತ್ತೆ ಮನೆಗೆ ಬಂದು ಹಿರಿಯ ಮೊಮ್ಮಗನನ್ನು ನೋಡಿಕೊಳ್ಳಲಿ, ಸೊಸೆಗೆ ದಿನಕ್ಕೆ ಎರಡು ಹೊತ್ತು ಬಿಸಿ ಊಟ ಕಳಿಸಲಿ, ಹಾಲಿನ ವಿಷಯ ಎತ್ತದಿರಲಿ. ಐಸಿಯುನಲ್ಲಿ ತಾಯಿ ಒಬ್ಬಳಿಗೇ ಪ್ರವೇಶ. ಹೊರಗೆ ಇರುವ ಕುರ್ಚಿ ಮೂರು, ಸಮಿತಿಗೆ ಸಾಲುವುದಿಲ್ಲ.

ಇಂತಿ ತಮ್ಮ ವಿಧೇಯ,
ಕೂಸಿನ ಅಜ್ಜ

ವಿ.ಸೂ.: ಕಾಕಾ, ಕೊಟ್ಟ ದಿನ ಮಂಗಳವಾರ, ಬದಲಿಸಲು ಬರುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಒಳಗೆ ಒಯ್ಯುತ್ತಾರೆ. ಅಂದು ರಾಹುಕಾಲ ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಬೆಳಗಿನ ರೈಲಿಗೆ ಹೊರಟರೆ ತಾವು ಆ ಹೊತ್ತಿಗೆ ಇಲ್ಲಿರುತ್ತೀರಿ. ಇಳಿದವರು ನೇರ ಮನೆಗೆ ಹೋಗಿ, ಬೀಗದ ಕೈ ಕೆಳಗಿನ ಮನೆಯಲ್ಲಿದೆ.